ವ್ಯಕ್ತಿತ್ವ ಪ್ರಕಾರದಿಂದ ಬುದ್ಧಿಶಕ್ತಿ ತಿಳಿಯಬಹುದೇ? ಪರೀಕ್ಷೆಯ ಫಲಿತಾಂಶವನ್ನು ಓದುವ ಕ್ರಮ

ವ್ಯಕ್ತಿತ್ವ ಪರೀಕ್ಷೆಗಳ ಕುರಿತು ಓದುಗರಿಂದ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಜಾಡಿನವು. "ನನಗೆ ಐಎನ್‌ಟಿಜೆ ಬಂದಿದೆ, ಹಾಗಾದರೆ ನಾನು ಬುದ್ಧಿವಂತನೆಂದು ಅರ್ಥವೇ?" "ಇಎಸ್‌ಎಫ್‌ಪಿ ಬಂದವರು ಓದಿನಲ್ಲಿ ಹಿಂದೆ ಬೀಳುತ್ತಾರಂತೆ, ನಿಜವೇ?" "ಮಗಳಿಗೆ ಓದಿನಲ್ಲಿ ಆಸಕ್ತಿಯಿಲ್ಲ, ಅವಳ ವ್ಯಕ್ತಿತ್ವವೇ ಹಾಗಿರಬಹುದೇ?" ಐಎನ್‌ಟಿಜೆ, ಇಎಸ್‌ಎಫ್‌ಪಿ ಎಂಬವು ಎಂಬಿಟಿಐ ಎಂಬ ಜನಪ್ರಿಯ ವ್ಯಕ್ತಿತ್ವ ಪರೀಕ್ಷೆ ಕೊಡುವ, ನಾಲ್ಕು ಇಂಗ್ಲಿಷ್ ಅಕ್ಷರಗಳ ಪ್ರಕಾರದ ಹೆಸರುಗಳು. ಈ ಪ್ರಶ್ನೆಗಳಿಗೆ ಬಿಡಿಬಿಡಿಯಾಗಿ ಉತ್ತರಿಸುವುದಕ್ಕಿಂತ, ಕೈಯಲ್ಲಿರುವ ಫಲಿತಾಂಶವನ್ನು ನೀವೇ ಸರಿಯಾಗಿ ಓದಿಕೊಳ್ಳುವ ಕ್ರಮವನ್ನು ತಿಳಿಸುವುದು ಹೆಚ್ಚು ಉಪಯುಕ್ತವೆಂದು ನನಗೆ ತೋರುತ್ತದೆ. ವ್ಯಕ್ತಿತ್ವಕ್ಕೂ ಬುದ್ಧಿಶಕ್ತಿಗೂ ಸಂಬಂಧ ಇದೆ. ಆದರೆ ಒಬ್ಬ ವ್ಯಕ್ತಿಯ ಬಗ್ಗೆ ತೀರ್ಮಾನ ಕೊಡುವಷ್ಟು ಗಟ್ಟಿಯಾದ ಸಂಬಂಧ ಅದಲ್ಲ. ಕಲಿಕೆಯ ಒಲವು ಎಂಬುದು ಇವೆರಡರಿಂದಲೂ ಪ್ರತ್ಯೇಕವಾಗಿ ನೋಡಬೇಕಾದ ಸಂಗತಿ, ಮತ್ತು ನಿಮ್ಮ ಗಮನ ಮುಖ್ಯವಾಗಿ ಹರಿಯಬೇಕಾದದ್ದು ಅದರ ಕಡೆಗೆ.

ಬೇಕಾಗುವ ವಸ್ತುಗಳು ಕೆಲವೇ. ನಾಲ್ಕು ಅಕ್ಷರಗಳ ಜೊತೆಗೆ ಶೇಕಡಾವಾರು ಅಂಕಗಳನ್ನೂ ತೋರಿಸುವ ನಿಮ್ಮ ಫಲಿತಾಂಶ, ಒಂದು ನೋಟ್‌ಬುಕ್ಕು, ಮತ್ತು ದಿನಕ್ಕೆ ಐದು ನಿಮಿಷದಂತೆ ಎರಡು ವಾರಗಳ ಅವಧಿ. ಸಾಧ್ಯವಾದರೆ ಪಂಚಗುಣ ಮಾದರಿಯ ಒಂದು ಪ್ರಶ್ನಾವಳಿಯನ್ನೂ ತುಂಬಿಸಿ ಇಟ್ಟುಕೊಳ್ಳಿ. ಆ ಮಾದರಿ ಯಾವುದೆಂಬುದನ್ನು ಮೂರನೆಯ ಹಂತದಲ್ಲಿ ವಿವರಿಸಿದ್ದೇನೆ.

ಹಂತ 1: ಮೂರು ಸಂಗತಿಗಳನ್ನು ಬೇರ್ಪಡಿಸಿಕೊಳ್ಳಿ

ಗೊಂದಲದ ಬಹುಪಾಲು ಹುಟ್ಟುವುದು ಇಲ್ಲಿಯೇ ಆದ್ದರಿಂದ ಈ ಹಂತವನ್ನು ಅವಸರದಲ್ಲಿ ದಾಟಬೇಡಿ.

ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ ಬರುವ ಒಂದು ಪ್ರಶ್ನೆ ಹೀಗಿರಬಹುದು: 2, 6, 12, 20, ಮುಂದಿನ ಸಂಖ್ಯೆ ಯಾವುದು? ವ್ಯತ್ಯಾಸ 4, 6, 8 ಎಂದು ಹೆಚ್ಚುತ್ತಾ ಹೋಗುವುದನ್ನು ಗಮನಿಸಿದವರು 30 ಎನ್ನುತ್ತಾರೆ. ಇದಕ್ಕೆ ಸರಿಯುತ್ತರ ಒಂದಿದೆ, ಉತ್ತರಿಸಲು ಸಾಮರ್ಥ್ಯ ಬೇಕು, ನಟಿಸಿ ಗೆಲ್ಲಲಾಗುವುದಿಲ್ಲ. ವ್ಯಕ್ತಿತ್ವ ಪರೀಕ್ಷೆಯ ಪ್ರಶ್ನೆಯ ಬಗೆಯೇ ಬೇರೆ: ಒಂದು ವಿಷಯವನ್ನು ಓದುವಾಗ ನಿಮ್ಮನ್ನು ಹೆಚ್ಚು ಸೆಳೆಯುವುದು ಅದರ ಹಿಂದಿನ ಕಲ್ಪನೆಯೋ, ಅದರಲ್ಲಿರುವ ಖಚಿತ ವಿವರಗಳೋ? ಇಲ್ಲಿ ಸರಿ, ತಪ್ಪು ಎಂಬುದಿಲ್ಲ. ಕೇಳುತ್ತಿರುವುದು ನಿಮ್ಮ ಒಲವನ್ನು, ಅದೂ ನಿಮ್ಮ ಬಗ್ಗೆ ನೀವೇ ಕೊಡುವ ಹೇಳಿಕೆಯ ಮೂಲಕ. ಕಲ್ಪನೆಗಳನ್ನು ಇಷ್ಟಪಡುವುದು ಒಂದು, ಅವುಗಳನ್ನು ಸಮರ್ಥವಾಗಿ ನಿಭಾಯಿಸುವುದು ಇನ್ನೊಂದು. ಮೊದಲನೆಯದನ್ನು ಅಳೆಯಲು ಹೊರಟ ಸಾಧನದಿಂದ ಎರಡನೆಯದರ ಲೆಕ್ಕವನ್ನು ಪಡೆಯಲಾಗದು.

ಬುದ್ಧಿಶಕ್ತಿಯೊಳಗೂ ಒಂದು ವಿಭಾಗವಿದೆ. ಬೇರೆ ಬೇರೆ ಬೌದ್ಧಿಕ ಕೆಲಸಗಳಲ್ಲಿ ಒಬ್ಬರ ಅಂಕಗಳು ಸಾಮಾನ್ಯವಾಗಿ ಒಟ್ಟಿಗೆ ಏರಿಳಿಯುವುದನ್ನು ಗಮನಿಸಿದ ಚಾರ್ಲ್ಸ್ ಸ್ಪಿಯರ್‌ಮನ್ 1904ರಲ್ಲಿ ಅವೆಲ್ಲದರ ಹಿಂದೆ ಒಂದು ಸಾಮಾನ್ಯ ಬುದ್ಧಿಶಕ್ತಿ ಇದೆಯೆಂಬ ವಾದವನ್ನು ಮುಂದಿಟ್ಟರು. ಅವರ ಬಳಿಕ ಬಂದ ರೇಮಂಡ್ ಕ್ಯಾಟೆಲ್ ಅದನ್ನು ಎರಡಾಗಿ ಬಿಡಿಸಿದರು. ಹೊಸ ಸಮಸ್ಯೆಯನ್ನು ಪೂರ್ವಜ್ಞಾನದ ನೆರವಿಲ್ಲದೆ ಬಿಡಿಸುವ ಶಕ್ತಿಯನ್ನು ದ್ರವ ಬುದ್ಧಿಶಕ್ತಿ ಎಂದೂ, ಓದು ಮತ್ತು ಅನುಭವಗಳಿಂದ ಕೂಡಿಬಂದ ಶಬ್ದಸಂಪತ್ತು ಹಾಗೂ ತಿಳಿವಳಿಕೆಯನ್ನು ಘನೀಕೃತ ಬುದ್ಧಿಶಕ್ತಿ ಎಂದೂ ಕರೆದರು. ಈ ಎರಡು ಹೆಸರುಗಳನ್ನು ನೆನಪಿಡಿ, ನಾಲ್ಕನೆಯ ಹಂತದಲ್ಲಿ ಬೇಕಾಗುತ್ತವೆ.

ಮೂರನೆಯದು ಕಲಿಕೆಯ ಒಲವು: ಯಾರ ಒತ್ತಾಯವೂ ಇಲ್ಲದೆ, ಬಹುಮಾನದ ನಿರೀಕ್ಷೆಯೂ ಇಲ್ಲದೆ ಒಂದು ವಿಷಯವನ್ನು ಹಿಡಿದು ಮುಂದುವರಿಯುವ ಪ್ರವೃತ್ತಿ. 2004ರಲ್ಲಿ ಕ್ರಿಸ್ಟೋಫರ್ ಪೀಟರ್ಸನ್ ಮತ್ತು ಮಾರ್ಟಿನ್ ಸೆಲಿಗ್ಮನ್ ಪಟ್ಟಿ ಮಾಡಿದ 24 ಗುಣಬಲಗಳಲ್ಲಿ ಕುತೂಹಲವೂ ಕಲಿಕೆಯ ಪ್ರೀತಿಯೂ ಬೇರೆ ಬೇರೆ ಸ್ಥಾನ ಪಡೆದಿವೆ. ಈ ಬೇರ್ಪಡಿಕೆ ತುಂಬ ಉಚಿತವಾದದ್ದು. ಕುತೂಹಲ ಕೆರಳಿ ಹತ್ತು ನಿಮಿಷದಲ್ಲಿ ತಣ್ಣಗಾಗಬಹುದು. ಆದರೆ ಕಲಿಕೆಯ ಪ್ರೀತಿಯಿರುವವರು ವಿಷಯ ಕಷ್ಟವಾಗತೊಡಗಿದ ಮೇಲೂ ಅದನ್ನು ಬಿಡದೆ ಕ್ರಮವಾಗಿ ತಿಳಿದುಕೊಳ್ಳುತ್ತಾ ಹೋಗುತ್ತಾರೆ.

ಹಂತ 2: ಅಕ್ಷರಗಳನ್ನು ಬದಿಗಿಟ್ಟು ಅಂಕಗಳನ್ನು ನೋಡಿ

ನಾಲ್ಕು ಅಕ್ಷರಗಳ ಪದ್ಧತಿಯ ಬೇರು ಇರುವುದು ಕಾರ್ಲ್ ಯೂಂಗ್ 1921ರಲ್ಲಿ ಮಂಡಿಸಿದ ಮನೋಪ್ರಕಾರಗಳ ಸಿದ್ಧಾಂತದಲ್ಲಿ. ಅದನ್ನು ಆಧರಿಸಿ ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಬೆಲ್ ಮೈಯರ್ಸ್ ರೂಪಿಸಿದ ಪ್ರಶ್ನಾವಳಿಯೇ ಮೈಯರ್ಸ್-ಬ್ರಿಗ್ಸ್ ಟೈಪ್ ಇಂಡಿಕೇಟರ್, ಅಂದರೆ ಎಂಬಿಟಿಐ. ಬಹಿರ್ಮುಖತೆ (ಇ) ಅಥವಾ ಅಂತರ್ಮುಖತೆ (ಐ), ಇಂದ್ರಿಯಾನುಭವ (ಎಸ್) ಅಥವಾ ಅಂತಃಪ್ರಜ್ಞೆ (ಎನ್), ತರ್ಕ (ಟಿ) ಅಥವಾ ಭಾವ (ಎಫ್), ಮೊದಲೇ ತೀರ್ಮಾನಿಸಿಕೊಳ್ಳುವುದು (ಜೆ) ಅಥವಾ ಬಾಗಿಲು ತೆರೆದಿಟ್ಟುಕೊಳ್ಳುವುದು (ಪಿ) ಎಂಬ ನಾಲ್ಕು ಜೋಡಿಗಳಿಂದ 16 ಪ್ರಕಾರಗಳು ಹುಟ್ಟುತ್ತವೆ.

ತೊಡಕಿರುವುದು ಗೆರೆ ಎಳೆಯುವಲ್ಲಿ. ಜನರ ಎತ್ತರದಂತೆಯೇ ಈ ಗುಣಗಳಲ್ಲಿಯೂ ಬಹುತೇಕರು ನಡುವಿನ ಆಸುಪಾಸಿನಲ್ಲಿರುತ್ತಾರೆ, ತುದಿಗಳಲ್ಲಿ ಇರುವವರು ಕಡಿಮೆ. ನಡುವೆ ಗೆರೆ ಎಳೆದು ಆಚೆಯವರಿಗೊಂದು ಅಕ್ಷರ, ಈಚೆಯವರಿಗೊಂದು ಅಕ್ಷರ ಕೊಟ್ಟಾಗ, ಅಂತಃಪ್ರಜ್ಞೆಯಲ್ಲಿ ಶೇಕಡಾ 52 ಪಡೆದವರು ಶೇಕಡಾ 48 ಪಡೆದವರಿಂದ ಬೇರ್ಪಟ್ಟು ಶೇಕಡಾ 95 ಪಡೆದವರ ಗುಂಪಿಗೆ ಸೇರಿಬಿಡುತ್ತಾರೆ. ಕೆಲವೇ ವಾರಗಳ ನಂತರ ಅದೇ ಪರೀಕ್ಷೆಯನ್ನು ಮತ್ತೆ ತೆಗೆದುಕೊಂಡಾಗ ಅನೇಕರ ಒಂದಾದರೂ ಅಕ್ಷರ ಬದಲಾಗುವುದಕ್ಕೆ ಮುಖ್ಯ ಕಾರಣ ಇದು.

ಆದ್ದರಿಂದ ನಾಲ್ಕೂ ಜೋಡಿಗಳ ಶೇಕಡಾವಾರು ಅಂಕಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. 40ರಿಂದ 60ರ ನಡುವೆ ಬಿದ್ದಿರುವ ಅಂಕಗಳ ಮುಂದೆ "ನಡುವಿನದು" ಎಂದು ಗುರುತು ಮಾಡಿ, ಅವುಗಳ ಅಕ್ಷರವನ್ನು ಹೊಡೆದುಹಾಕಿ. ಈ ಮಿತಿ ನಾನು ಬಳಕೆಗೆ ಇಟ್ಟುಕೊಂಡಿರುವ ಅಂದಾಜಿನದು, ಶಾಸ್ತ್ರದ ನಿಯಮವಲ್ಲ.

ಎಚ್ಚರಿಕೆ: ಪ್ರಕಾರದ ವಿವರಣೆ ಓದಿದಾಗ "ಇದು ನಾನೇ!" ಎನಿಸುವುದನ್ನು ಪುರಾವೆಯೆಂದು ಭಾವಿಸಬೇಡಿ. ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟು, ಆಮೇಲೆ ಪ್ರತಿಯೊಬ್ಬರಿಗೂ ಅವರದೇ ಫಲಿತಾಂಶವೆಂದು ಹೇಳಿ ಒಂದೇ ವಿವರಣೆಯನ್ನು ಹಂಚಿದರು. ಅದು ಎಷ್ಟು ನಿಖರವಾಗಿದೆಯೆಂದು ಕೇಳಿದಾಗ ಅವರು ಕೊಟ್ಟ ಸರಾಸರಿ 5ಕ್ಕೆ 4.26. ಈ ಪ್ರಯೋಗ 1949ರಲ್ಲಿ ಪ್ರಕಟವಾಯಿತು. ಹೊಗಳಿಕೆ ಬೆರೆತ, ಯಾರಿಗಾದರೂ ಹೊಂದುವ ಮಾತು ನಮಗಾಗಿಯೇ ಬರೆದಂತೆ ಕಾಣುವುದು ಸಹಜ. "ಆಳವಾಗಿ ಯೋಚಿಸುವವರು", "ಅಪರೂಪದ ಒಳನೋಟವುಳ್ಳವರು" ಎಂಬ ಸಾಲುಗಳನ್ನು ಓದುವಾಗ ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಹಂತ 3: ಫಲಿತಾಂಶವನ್ನು ಪಂಚಗುಣಗಳಿಗೆ ಹೊಂದಿಸಿ

ಸಂಶೋಧಕರು ಇಂದು ಹೆಚ್ಚಾಗಿ ಬಳಸುವುದು ಪಂಚಗುಣ ಮಾದರಿಯನ್ನು. ಮುಕ್ತತೆ (ಹೊಸ ವಿಚಾರ, ಕಲೆ, ಅನುಭವಗಳಿಗೆ ತೆರೆದುಕೊಳ್ಳುವ ಗುಣ), ಶಿಸ್ತು (ಯೋಜಿಸಿ, ಹಿಡಿದ ಕೆಲಸವನ್ನು ಮುಗಿಸುವ ಗುಣ), ಬಹಿರ್ಮುಖತೆ, ಸೌಹಾರ್ದ ಮತ್ತು ಆತಂಕಶೀಲತೆ (ಚಿಂತೆ, ಬೇಸರಗಳಿಗೆ ಬೇಗ ಒಳಗಾಗುವ ಗುಣ) ಎಂಬ ಐದು ಗುಣಗಳನ್ನು ಅದು ಅಕ್ಷರಗಳಲ್ಲಿ ಹೇಳದೆ ಅಳತೆಗೋಲಿನ ಮೇಲೆ ಗುರುತಿಸುತ್ತದೆ.

ರಾಬರ್ಟ್ ಮೆಕ್ರೇ ಮತ್ತು ಪಾಲ್ ಕೋಸ್ಟಾ 1989ರಲ್ಲಿ ಎರಡೂ ಪದ್ಧತಿಗಳನ್ನು ಹೋಲಿಸಿ ನೋಡಿದಾಗ ಹೊಂದಿಕೆ ಸ್ಪಷ್ಟವಾಯಿತು. ಅಂತಃಪ್ರಜ್ಞೆಯ ಅಂಕ ಮುಕ್ತತೆಯ ಕಡೆಗೂ, ಭಾವದ ಅಂಕ ಸೌಹಾರ್ದದ ಕಡೆಗೂ, ಮೊದಲೇ ತೀರ್ಮಾನಿಸಿಕೊಳ್ಳುವ ಅಂಕ ಶಿಸ್ತಿನ ಕಡೆಗೂ ವಾಲುತ್ತದೆ; ಬಹಿರ್ಮುಖತೆ ಎರಡರಲ್ಲಿಯೂ ಸುಮಾರಾಗಿ ಒಂದೇ. ನಾಲ್ಕು ಅಕ್ಷರಗಳ ಪದ್ಧತಿಯಲ್ಲಿ ಆತಂಕಶೀಲತೆಗೆ ಜಾಗವೇ ಇಲ್ಲ. ಪಂಚಗುಣ ಪ್ರಶ್ನಾವಳಿ ತುಂಬಿಸಿದ್ದರೆ ಅದರ ಅಂಕಗಳನ್ನೇ ಬಳಸಿ. ಇಲ್ಲದಿದ್ದರೆ ಈ ಹೊಂದಿಕೆಯ ಮೂಲಕ ಅಂದಾಜು ಮಾಡಿಕೊಳ್ಳಿ.

ಹಂತ 4: ಬುದ್ಧಿಶಕ್ತಿಯೊಂದಿಗಿನ ಸಂಬಂಧವನ್ನು ತೂಗಿ ನೋಡಿ

ಐದು ಗುಣಗಳಲ್ಲಿ ಬುದ್ಧಿಶಕ್ತಿಯೊಂದಿಗೆ ಎದ್ದುಕಾಣುವ ಸಂಬಂಧವಿರುವುದು ಮುಕ್ತತೆಗೆ ಮಾತ್ರ. 1997ರಲ್ಲಿ ಫಿಲಿಪ್ ಆಕರ್ಮನ್ ಮತ್ತು ಎರಿಕ್ ಹೆಗ್ಗೆಸ್ಟಾಡ್ ಹಿಂದಿನ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಇವೆರಡರ ಸಹಸಂಬಂಧ ಸುಮಾರು 0.33 ಇತ್ತು, ಮುಂದಿನ ದೊಡ್ಡ ವಿಶ್ಲೇಷಣೆಗಳಲ್ಲಿ ಅದು 0.2ರ ಆಸುಪಾಸಿಗೆ ಇಳಿದಿದೆ. ಸಹಸಂಬಂಧ ಎಂದರೆ ಎರಡು ಅಳತೆಗಳು ಎಷ್ಟರಮಟ್ಟಿಗೆ ಒಟ್ಟಿಗೆ ಏರಿಳಿಯುತ್ತವೆ ಎಂಬುದರ ಸೂಚಕ: 0 ಎಂದರೆ ಸಂಬಂಧವೇ ಇಲ್ಲ, 1 ಎಂದರೆ ಪೂರ್ಣ ಹೊಂದಿಕೆ.

ಈ 0.2 ಎಂಬುದನ್ನು ಬಳಕೆಯ ಲೆಕ್ಕಕ್ಕೆ ತಂದರೆ ಚಿತ್ರ ತಿಳಿಯಾಗುತ್ತದೆ. ಯಾರಾದರೂ ಇಬ್ಬರನ್ನು ಆರಿಸಿ, ಮುಕ್ತತೆಯ ಅಂಕ ಹೆಚ್ಚಿರುವವರಿಗೇ ಬುದ್ಧಿಶಕ್ತಿಯ ಅಂಕವೂ ಹೆಚ್ಚಿರುತ್ತದೆಂದು ಊಹಿಸುತ್ತಾ ಹೋಗಿ. ನಾಣ್ಯ ಚಿಮ್ಮಿ ಹೇಳಿದರೆ 100 ಜೋಡಿಗಳಲ್ಲಿ 50 ಬಾರಿ ನಿಮ್ಮ ಊಹೆ ಸರಿಯಾಗುತ್ತದೆ. ಮುಕ್ತತೆಯನ್ನು ನೋಡಿ ಹೇಳಿದರೆ ಸುಮಾರು 56 ಬಾರಿ. ಸಹಸಂಬಂಧ 0.33 ಎಂದೇ ಇಟ್ಟುಕೊಂಡರೂ 61ರಷ್ಟು. ಸಾವಿರಾರು ಜನರ ಸರಾಸರಿಯನ್ನು ಅಧ್ಯಯನ ಮಾಡುವವರಿಗೆ ಇದು ಬೆಲೆಯುಳ್ಳ ಮಾಹಿತಿ. ನಿಮ್ಮ ಬಗ್ಗೆ, ನಿಮ್ಮ ಮಗುವಿನ ಬಗ್ಗೆ ತೀರ್ಪು ಕೊಡಲು ಇದು ಸಾಲುವುದೇ ಇಲ್ಲ.

ಮುಕ್ತತೆಯೊಳಗೂ ಎರಡು ಎಳೆಗಳಿವೆಯೆಂದು ಕಾಲಿನ್ ಡಿಯಂಗ್ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದರು. ಒಂದು, ವಿಚಾರಗಳನ್ನೂ ಸಮಸ್ಯೆಗಳನ್ನೂ ಮಥಿಸುವ ಬೌದ್ಧಿಕ ಎಳೆ. ಇನ್ನೊಂದು, ಸೌಂದರ್ಯ ಮತ್ತು ಕಲ್ಪನೆಗಳಲ್ಲಿ ತೊಡಗುವ ಎಳೆ. ಬುದ್ಧಿಶಕ್ತಿಯೊಂದಿಗೆ ಹೆಚ್ಚು ನಂಟಿರುವುದು ಮೊದಲನೆಯದಕ್ಕೆ. ದ್ರವ ಬುದ್ಧಿಶಕ್ತಿಗಿಂತ ಘನೀಕೃತ ಬುದ್ಧಿಶಕ್ತಿಯೊಂದಿಗೆ ಮುಕ್ತತೆಯ ಸಂಬಂಧ ಸಾಮಾನ್ಯವಾಗಿ ಬಲವಾಗಿರುವುದನ್ನೂ ಗಮನಿಸಬೇಕು. ಹೊಸದನ್ನು ಹುಡುಕುವವರು ಹೆಚ್ಚು ಓದುತ್ತಾರೆ, ಓದಿದ್ದು ವರ್ಷಗಳ ಮೇಲೆ ತಿಳಿವಳಿಕೆಯಾಗಿ ಸೇರಿಕೊಳ್ಳುತ್ತದೆ ಎಂಬುದು ಇದಕ್ಕೆ ಕೊಡುವ ಒಂದು ವಿವರಣೆ. ಮೇಲುನೋಟಕ್ಕೆ ವ್ಯಕ್ತಿತ್ವದ ಹುಟ್ಟುಗುಣವೆಂದು ತೋರುವುದರಲ್ಲಿ ಒಂದು ಪಾಲು ಹೀಗೆ ಕೂಡಿಬಂದದ್ದಿರಬಹುದು.

ಉಳಿದವುಗಳ ಬಗ್ಗೆ ಚುಟುಕಾಗಿ ಹೇಳಬಹುದು. ಬಹಿರ್ಮುಖತೆಗೂ ಬುದ್ಧಿಶಕ್ತಿಗೂ ಇರುವ ಸಂಬಂಧ ಶೂನ್ಯದ ಹತ್ತಿರ. ಮೌನವಾಗಿರುವವರೆಲ್ಲ ಮೇಧಾವಿಗಳು ಎಂಬ ನಂಬಿಕೆಗೆ ಆಧಾರವಿಲ್ಲ. ಶಿಸ್ತಿನದೂ ಹಾಗೆಯೇ. ಆತಂಕಶೀಲತೆ ಹೆಚ್ಚಿರುವವರ ಅಂಕ ಸರಾಸರಿಯಲ್ಲಿ ತುಸು ಕಡಿಮೆ ಬರುತ್ತದೆ. ಪರೀಕ್ಷೆಯ ಹೊತ್ತಿನ ಗಾಬರಿಯಿಂದ ಸಾಮರ್ಥ್ಯವಿದ್ದೂ ಅಂಕ ಇಳಿಯುವ ಸಾಧ್ಯತೆಯನ್ನು ಇಲ್ಲಿ ಮರೆಯಬಾರದು.

ಎಚ್ಚರಿಕೆ: ಯಾವ ಪ್ರಕಾರಕ್ಕೆ ಎಷ್ಟು ಐಕ್ಯೂ (ಬುದ್ಧಿಶಕ್ತಿ ಪರೀಕ್ಷೆಯ ಅಂಕ) ಎಂದು ತೋರಿಸುವ ಪಟ್ಟಿಗಳು ಅಂತರ್ಜಾಲದಲ್ಲಿ ಹರಿದಾಡುತ್ತಿರುತ್ತವೆ. ತಮ್ಮ ಪ್ರಕಾರವನ್ನೂ ಐಕ್ಯೂವನ್ನೂ ತಾವೇ ಹೇಳಿಕೊಂಡ, ತಾವಾಗಿಯೇ ಮುಂದೆ ಬಂದ ಜನರಿಂದ ಸಂಗ್ರಹಿಸಿದ ಅಂಕಿಗಳು ಯಾರನ್ನೂ ಪ್ರತಿನಿಧಿಸುವುದಿಲ್ಲ. ಅಂತಃಪ್ರಜ್ಞೆಯ ಪ್ರಕಾರದವರು ಲಿಖಿತ ಸಾಮರ್ಥ್ಯ ಪರೀಕ್ಷೆಗಳಲ್ಲಿ ಸರಾಸರಿ ಹೆಚ್ಚು ಅಂಕ ಪಡೆಯುವುದು ನಿಜವಾದರೂ, ವಿವರಗಳಿಗೆ ಬೆಲೆ ಕೊಡುವವರು ಪ್ರಶ್ನೆಯನ್ನು ಮತ್ತೆ ಮತ್ತೆ ಓದಿ ಖಚಿತಪಡಿಸಿಕೊಳ್ಳುವುದರಿಂದ ಸಮಯದ ಮಿತಿಯಿರುವ ಪರೀಕ್ಷೆ ಅವರಿಗೆ ಪ್ರತಿಕೂಲವಾಗುತ್ತದೆಂದು ಸ್ವತಃ ಇಸಬೆಲ್ ಮೈಯರ್ಸ್ ವಾದಿಸಿದ್ದರು.

ಹಂತ 5: ಕಲಿಕೆಯ ಒಲವನ್ನು ನಡವಳಿಕೆಯಿಂದ ಅಳೆಯಿರಿ

"ನನಗೆ ಕಲಿಯುವುದೆಂದರೆ ತುಂಬ ಇಷ್ಟ" ಎಂದು ಹೇಳುವುದು ಸುಲಭ, ಏಕೆಂದರೆ ಹಾಗೆ ಹೇಳುವುದಕ್ಕೆ ಮರ್ಯಾದೆಯಿದೆ. ಆದ್ದರಿಂದ ಇಲ್ಲಿ ಪ್ರಶ್ನಾವಳಿಗಿಂತ ದಾಖಲೆ ಮೇಲು. ಪ್ರಶ್ನಾವಳಿಯೂ ಬೇಕೆನಿಸಿದರೆ ಜಾನ್ ಕಾಸಿಯೊಪ್ಪೊ ಮತ್ತು ರಿಚರ್ಡ್ ಪೆಟ್ಟಿ 1982ರಲ್ಲಿ ರೂಪಿಸಿದ ಚಿಂತನಾಭಿಲಾಷೆಯ ಮಾಪಕ ಇದೆ. 1984ರಲ್ಲಿ ಬಂದ ಅದರ ಕಿರು ರೂಪದಲ್ಲಿ 18 ಹೇಳಿಕೆಗಳಿವೆ. ಶ್ರಮದ ಚಿಂತನೆ ಒಬ್ಬರಿಗೆ ಎಷ್ಟು ಹಿತವೆನಿಸುತ್ತದೆ ಎಂಬುದನ್ನು ಅದು ಅಳೆಯುತ್ತದೆ.

ದಾಖಲೆಯ ವಿಧಾನ ಇದು. ಎರಡು ವಾರ, ಪ್ರತಿ ರಾತ್ರಿ, ಆ ದಿನ ನಿಮ್ಮ ಮನಸ್ಸಿನಲ್ಲಿ ಮೂಡಿದ ಒಂದು ಪ್ರಶ್ನೆ, ಅದರ ಬೆನ್ನು ಹತ್ತಿ ಕಳೆದ ಸಮಯ, ಅದನ್ನು ಹುಡುಕಲು ಯಾರಾದರೂ ಹೇಳಿದ್ದರೇ ಎಂಬುದು, ಮತ್ತು ಕೊನೆಗೆ ಉಳಿದ ಸಂದೇಹ, ಇಷ್ಟನ್ನು ಬರೆಯಿರಿ. ಒಂದು ದಿನದ ನಮೂದು ಹೀಗಿರಬಹುದು:

"ದೊಡ್ಡ ದೂರದರ್ಶಕದ ಕನ್ನಡಿ ಬಾಗಿರುವುದೇಕೆ? 25 ನಿಮಿಷ. ಯಾರೂ ಹೇಳಿರಲಿಲ್ಲ. ಬಾಗಿದ ಕನ್ನಡಿ ದೂರದಿಂದ ಬಂದ ಸಮಾಂತರ ಕಿರಣಗಳನ್ನು ಒಂದು ಬಿಂದುವಿಗೆ ತರುತ್ತದೆ. ಆದರೆ ಗೋಳದ ಬಾಗು ಸಾಲದು, ಪರವಲಯದ ಬಾಗು ಬೇಕು ಎನ್ನುವುದು ಏಕೆಂದು ತಿಳಿಯಲಿಲ್ಲ."

ಎರಡು ವಾರಗಳಾದ ಮೇಲೆ ಪುಟಗಳನ್ನು ತಿರುವಿ ನೋಡುವಾಗ ಪ್ರಶ್ನೆಗಳ ಸಂಖ್ಯೆಗೆ ಮಹತ್ವ ಕೊಡಬೇಡಿ. ಉಳಿದ ಸಂದೇಹ ಮರುದಿನವೋ ನಾಲ್ಕು ದಿನಗಳ ಮೇಲೋ ಮತ್ತೆ ಕಾಣಿಸಿಕೊಂಡಿದೆಯೇ ಎಂಬುದನ್ನು ನೋಡಿ. ಪರವಲಯದ ಪ್ರಶ್ನೆ ಮೂರನೆಯ ದಿನ ಮತ್ತೆ ಬಂದು, ಅಂಚಿನ ಕಿರಣಗಳೂ ನಡುವಿನ ಕಿರಣಗಳೂ ಗೋಳಾಕಾರದ ಕನ್ನಡಿಯಲ್ಲಿ ಒಂದೇ ಬಿಂದುವಿಗೆ ಸೇರುವುದಿಲ್ಲ ಎಂಬ ಸಾಲು ಅಲ್ಲಿದ್ದರೆ, ಅದು ಕಲಿಕೆಯ ಒಲವಿನ ಗುರುತು. ಪ್ರತಿದಿನ ಹೊಸ ಪ್ರಶ್ನೆ, ಹಳೆಯದಕ್ಕೆ ಮರಳಿದ್ದೇ ಇಲ್ಲ ಎಂದಾದರೆ ಕುತೂಹಲ ಇದೆ, ಅದಕ್ಕೆ ನೆಲೆ ಸಿಕ್ಕಿಲ್ಲ ಎಂದು ತಿಳಿಯಿರಿ. ಪುಟಗಳು ಖಾಲಿ ಉಳಿದಿದ್ದರೆ ತೀರ್ಮಾನಕ್ಕೆ ಬರುವ ಮೊದಲು ನಿದ್ದೆ, ಕೆಲಸದ ಹೊರೆ, ಆರೋಗ್ಯ ಇವುಗಳನ್ನು ಪರಿಶೀಲಿಸಿ. ದಣಿದ ಮನಸ್ಸಿನಲ್ಲಿ ಪ್ರಶ್ನೆಗಳು ಏಳುವುದು ಕಷ್ಟ.

ಹಂತ 6: ತಿಳಿದದ್ದನ್ನು ಓದಿನ ಕ್ರಮಕ್ಕೆ ಅನ್ವಯಿಸಿ

ಇಲ್ಲಿ ಜನರು ಎಡವುವುದು ಹೆಚ್ಚು. ನನ್ನ ಪ್ರಕಾರಕ್ಕೆ ತಕ್ಕ ಓದುವ ಶೈಲಿ ಯಾವುದು ಎಂದು ಕೇಳುವವರಿಗೆ ನನ್ನ ಉತ್ತರ, ಅದನ್ನು ಹುಡುಕುತ್ತಾ ಸಮಯ ಕಳೆಯಬೇಡಿ ಎಂಬುದು. ಒಬ್ಬೊಬ್ಬರ ಕಲಿಕಾ ಶೈಲಿಗೆ ಹೊಂದಿಸಿ ಪಾಠ ಮಾಡಿದರೆ ಫಲ ಹೆಚ್ಚು ಎಂಬ ನಂಬಿಕೆಯನ್ನು ಹೆರಾಲ್ಡ್ ಪಾಶ್ಲರ್ ಮತ್ತು ಮೂವರು ಸಹಲೇಖಕರು 2008ರಲ್ಲಿ ಪರಾಮರ್ಶಿಸಿದಾಗ ಅದಕ್ಕೆ ಸಾಕಷ್ಟು ಪುರಾವೆ ದೊರೆಯಲಿಲ್ಲ. ಓದಿದ್ದನ್ನು ಪುಸ್ತಕ ಮುಚ್ಚಿ ನೆನಪಿಸಿಕೊಳ್ಳುವುದು ಮತ್ತು ಒಂದೇ ಪಾಠವನ್ನು ಕೆಲವು ದಿನಗಳ ಅಂತರದಲ್ಲಿ ಮತ್ತೆ ನೋಡುವುದು, ಈ ಎರಡು ವಿಧಾನಗಳಿಗೆ ಗಟ್ಟಿಯಾದ ಬೆಂಬಲವಿದೆ, ಮತ್ತು ಅವುಗಳನ್ನು ಬಳಸಲು ನಿಮ್ಮ ಅಕ್ಷರಗಳು ಅಡ್ಡಿಯಾಗುವುದಿಲ್ಲ.

ವ್ಯಕ್ತಿತ್ವದ ಅಂಕಗಳು ನೆರವಾಗುವುದು ಬೇರೆ ಕಡೆ. ಓದಿನ ಫಲಿತಾಂಶದೊಂದಿಗೆ ಶಿಸ್ತಿಗಿರುವ ಸಂಬಂಧ ಸುಮಾರು 0.2ರಷ್ಟೆಂದೂ, ಅದು ಬಹುಮಟ್ಟಿಗೆ ಬುದ್ಧಿಶಕ್ತಿಯನ್ನು ಅವಲಂಬಿಸಿಲ್ಲವೆಂದೂ 2009ರಲ್ಲಿ ಆರ್ಥರ್ ಪೊರೊಪಾಟ್ ನಡೆಸಿದ ವಿಶ್ಲೇಷಣೆ ತೋರಿಸಿತು. ಎರಡು ವರ್ಷಗಳ ನಂತರ ಸೋಫಿ ವಾನ್ ಸ್ಟಮ್ ಮತ್ತು ಸಂಗಡಿಗರು ಬೌದ್ಧಿಕ ಕುತೂಹಲವನ್ನೂ ಇದರ ಜೊತೆ ಸೇರಿಸಿ ನೋಡಿದಾಗ, ಶ್ರಮ ಮತ್ತು ಕುತೂಹಲ ಎರಡೂ ಕೂಡಿದರೆ ಓದಿನ ಸಾಧನೆಯ ಮೇಲೆ ಅವುಗಳ ಪ್ರಭಾವ ಬುದ್ಧಿಶಕ್ತಿಯ ಪ್ರಭಾವಕ್ಕೆ ಸರಿದೂಗುವಷ್ಟಿದೆ ಎಂಬ ನಿರ್ಣಯಕ್ಕೆ ಬಂದರು. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಭರವಸೆ ಕೊಡುವ ಸಂಗತಿ ಇದು.

ಹಾಗಾಗಿ ನಿಮ್ಮ ಅಂಕಗಳನ್ನು ಹೀಗೆ ಬಳಸಿ. ಮುಕ್ತತೆ ಹೆಚ್ಚಿದ್ದು ಶಿಸ್ತು ಕಡಿಮೆಯಿದ್ದರೆ ಒಂದು ತಿಂಗಳಿಗೆ ಒಂದೇ ವಿಷಯವೆಂದು ಕಟ್ಟುಹಾಕಿಕೊಳ್ಳಿ. ನಡುವೆ ಹೊಳೆದ ಬೇರೆ ವಿಷಯಗಳನ್ನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಟ್ಟು ತಿಂಗಳು ಮುಗಿಯುವವರೆಗೆ ಮುಟ್ಟಬೇಡಿ. ಶಿಸ್ತು ಹೆಚ್ಚಿದ್ದು ಮುಕ್ತತೆ ಕಡಿಮೆಯಿದ್ದರೆ ಓದು ಪಠ್ಯದ ಗೆರೆಯೊಳಗೇ ನಿಂತುಬಿಡುವ ಅಪಾಯವಿದೆ. ವಾರಕ್ಕೊಂದು ಗಂಟೆಯನ್ನು ಪರೀಕ್ಷೆಗೆ ಬಾರದ ಪ್ರಶ್ನೆಯೊಂದಕ್ಕೆ ಮೀಸಲಿಡಿ. ಬಹಿರ್ಮುಖತೆ ಹೆಚ್ಚಿದ್ದರೆ ಓದಿದ್ದನ್ನು ಇನ್ನೊಬ್ಬರಿಗೆ ವಿವರಿಸುವ ಏರ್ಪಾಡು ಮಾಡಿಕೊಳ್ಳಿ. ಆತಂಕಶೀಲತೆ ಹೆಚ್ಚಿದ್ದರೆ ಅಂಕವಿಲ್ಲದ ಸಣ್ಣ ಸ್ವಪರೀಕ್ಷೆಗಳನ್ನು ಮತ್ತೆ ಮತ್ತೆ ಮಾಡಿ, ಪರೀಕ್ಷೆಯೆಂಬುದು ಅಪರೂಪದ ಘಟನೆಯಾಗದಂತೆ ನೋಡಿಕೊಳ್ಳಿ.

ಎಚ್ಚರಿಕೆ: ಈಗಾಗಲೇ ಇಷ್ಟವಿರುವ ಕಲಿಕೆಗೆ ಬಹುಮಾನದ ಆಸೆ ತೋರಿಸಬೇಡಿ. ಮಾರ್ಕ್ ಲೆಪರ್ ಮತ್ತು ಸಹೋದ್ಯೋಗಿಗಳು 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿತ್ರ ಬರೆಯುವುದನ್ನು ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಲ್ಲಿ ಬಹುಮಾನ ಕೊಡುವುದಾಗಿ ಮೊದಲೇ ಹೇಳಿಸಿಕೊಂಡವರು ಆಮೇಲೆ ಬಿಡುವಿನ ಹೊತ್ತಿನಲ್ಲಿ ಚಿತ್ರದತ್ತ ತಿರುಗಿದ್ದು ಕಡಿಮೆ.

ಹಂತ 7: ಮಕ್ಕಳ ಮತ್ತು ಇತರರ ವಿಷಯದಲ್ಲಿ

ಮಕ್ಕಳಿಗೆ ಪ್ರಕಾರದ ಹೆಸರು ಅಂಟಿಸಬೇಡಿ. ವ್ಯಕ್ತಿತ್ವದ ಗುಣಗಳು ವಯಸ್ಸಿನೊಂದಿಗೆ ಬದಲಾಗುತ್ತವೆ, ಶಿಸ್ತು ಯೌವನದಿಂದ ನಡುವಯಸ್ಸಿನವರೆಗೆ ಸರಾಸರಿಯಲ್ಲಿ ಏರುತ್ತಾ ಹೋಗುತ್ತದೆ. "ನಿನ್ನದು ಓದಿನ ಸ್ವಭಾವವಲ್ಲ" ಎಂಬ ಮಾತನ್ನು ಕೇಳುತ್ತಾ ಬೆಳೆದ ಮಗು ಅದನ್ನೇ ನಂಬಿಬಿಟ್ಟರೆ ಅದರ ಹೊಣೆ ಹೇಳಿದವರ ಮೇಲಿರುತ್ತದೆ.

ಓದಿನಲ್ಲಿ ಆಸಕ್ತಿಯಿಲ್ಲವೆಂದು ಕಂಡಾಗ ಮೊದಲು ದೃಷ್ಟಿ ಮತ್ತು ಶ್ರವಣದ ತಪಾಸಣೆ ಮಾಡಿಸಿ. ಆಮೇಲೆ ಅಕ್ಷರಗಳನ್ನು ಗುರುತಿಸಿ ಓದುವುದರಲ್ಲಿ ಅಥವಾ ಲೆಕ್ಕದಲ್ಲಿ ವಿಶೇಷವಾದ ಕಲಿಕಾ ತೊಂದರೆಯಿದೆಯೇ ಎಂದು ತಜ್ಞರಿಂದ ತಿಳಿದುಕೊಳ್ಳಿ. ಬುದ್ಧಿಶಕ್ತಿಯ ಅಳತೆ ನಿಜಕ್ಕೂ ಅಗತ್ಯವೆನಿಸಿದರೆ, ತರಬೇತಿ ಪಡೆದ ಮನಶ್ಶಾಸ್ತ್ರಜ್ಞರು ಎದುರು ಕುಳಿತು ನಡೆಸುವ ಪರೀಕ್ಷೆಯನ್ನೇ ಮಾಡಿಸಿ. ಇಂದಿನ ಪ್ರಮುಖ ಪರೀಕ್ಷೆಗಳಲ್ಲಿ ಐಕ್ಯೂ ಸರಾಸರಿ 100, ಪ್ರಮಾಣ ವಿಚಲನೆ (ಅಂಕಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬುದರ ಅಳತೆ) 15 ಇರುವಂತೆ ಅಂಕಗಳನ್ನು ಹೊಂದಿಸಿರುತ್ತಾರೆ. ಅಂದರೆ ಮೂರರಲ್ಲಿ ಸುಮಾರು ಎರಡು ಪಾಲು ಜನ 85ರಿಂದ 115ರ ನಡುವೆ ಬರುತ್ತಾರೆ. ವರದಿ ಪಡೆಯುವಾಗ ಒಂದೇ ಒಂದು ಅಂಕೆಯನ್ನು ತೆಗೆದುಕೊಂಡು ಬರಬೇಡಿ. ಆ ಅಂಕದ ಮೇಲಿನ ಕೆಳಗಿನ ವ್ಯಾಪ್ತಿ ಎಷ್ಟು, ಉಪಪರೀಕ್ಷೆಗಳಲ್ಲಿ ಯಾವುದು ಏರಿದೆ, ಯಾವುದು ಇಳಿದಿದೆ, ಪರೀಕ್ಷೆಯ ದಿನ ಮಗು ಆತಂಕದಲ್ಲಿತ್ತೇ ಎಂಬುದನ್ನು ಕೇಳಿ ಬರೆಸಿಕೊಳ್ಳಿ.